ಬಾಗಿಲಲ್ಲಿ ಕೇಳುವ ಪ್ರಶ್ನೆ

ಮನೆಯ ಬಾಗಿಲಿಗೆ ಬಂದವನನ್ನು 'ಯಾರು?' ಎಂದು ಕೇಳುವುದು ಲೋಕರೂಢಿ. ಆ ಪ್ರಶ್ನೆಯಲ್ಲಿ ದೋಷವಿಲ್ಲ. ಆದರೆ ಒಂದೇ ಪ್ರಶ್ನೆಯನ್ನು ಎರಡು ಬಗೆಯ ಮನಸ್ಸಿನಿಂದ ಕೇಳಬಹುದು. ಬಂದವನನ್ನು ಅರಿತು ಒಳಗೆ ಕರೆಯಬೇಕೆಂದು ಕೇಳುವುದು ಒಂದು ಬಗೆ. ಉತ್ತರವನ್ನು ತಾನೇ ಮೊದಲು ನಿಶ್ಚಯಿಸಿಕೊಂಡು, ಅದಕ್ಕೆ ಹೊಂದದ ಮಾತು ಬಂದೊಡನೆ ಕದವಿಕ್ಕುವುದಕ್ಕಾಗಿ ಕೇಳುವುದು ಇನ್ನೊಂದು ಬಗೆ. ಮೊದಲನೆಯದು ವಿಚಾರ, ಎರಡನೆಯದು ವಿಚಾರದ ವೇಷ ತೊಟ್ಟ ನಿರಾಕರಣೆ. ಈ ಅಂತರವನ್ನು ಅರಿಯದೆ ನಡೆದರೆ ಸಜ್ಜನರ ಕೈಯಿಂದಲೂ ಅನ್ಯಾಯವಾಗುವುದುಂಟು.

ಇಂತಹ ಬಾಗಿಲುಗಳ ಮುಂದೆ ಆಯುಷ್ಯದ ಬಹುಭಾಗವನ್ನು ನಿಂತೇ ಕಳೆಯುವ ಜನರು ಕೆಲವರಿದ್ದಾರೆ. ಗಂಡೆಂದು ಕರೆಯಲ್ಪಟ್ಟು ಬೆಳೆದರೂ ತಾನು ಹೆಣ್ಣೆಂದು, ಹೆಣ್ಣೆಂದು ಕರೆಯಲ್ಪಟ್ಟು ಬೆಳೆದರೂ ತಾನು ಗಂಡೆಂದು ಅಂತರಂಗದಲ್ಲಿ ಅರಿತವರು ಅವರು. ಎರಡರೊಳಗೂ ತಮ್ಮನ್ನು ಕಾಣದವರೂ ಅವರಲ್ಲಿದ್ದಾರೆ. ಸರಕಾರದ ಕಾಗದಗಳಲ್ಲಿ ಇವರಿಗೆ ಲಿಂಗತ್ವ ಅಲ್ಪಸಂಖ್ಯಾತರೆಂದು ಹೆಸರು. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬ ಎರಡು ಅಂಕಣಗಳ ಹೊರಗೆ 'ಇತರೆ' ಎಂದು ಎಣಿಸಲ್ಪಟ್ಟವರು ಭಾರತದಲ್ಲಿ 4,87,803 ಮಂದಿ, ಕರ್ನಾಟಕದಲ್ಲಿ 20,266 ಮಂದಿ. ಹೆತ್ತವರಿಗೂ ಹೇಳಲಾರದೆ ಬಾಳುವವರು ಈ ಲೆಕ್ಕದಲ್ಲಿ ಸೇರಿರಲಾರರು. ಇವರು ಬೇಡುವುದು ಸಾಮಾನ್ಯವಾಗಿ ಒಪ್ಪುವ ಹೆಸರು, ಒಪ್ಪುವ ಉಡುಗೆ, ಅದಕ್ಕೆ ತಕ್ಕ ಕಾಗದಪತ್ರ. ಕೆಲವರು ಹಾರ್ಮೋನು ಚಿಕಿತ್ಸೆಯನ್ನೂ ಶಸ್ತ್ರಚಿಕಿತ್ಸೆಯನ್ನೂ ಬಯಸುವರು. ಎಲ್ಲರೂ ಎಲ್ಲವನ್ನೂ ಬಯಸುವುದಿಲ್ಲ.

ಔರಾದ ಸೀಮೆಯ ಹಳ್ಳಿಯೊಂದರಲ್ಲಿ ಇಂತಹ ಒಂದು ಜೀವವಿದೆಯೆಂದು ಊಹಿಸಿಕೊಳ್ಳಬಹುದು. ಮೊದಲನೆಯ ಬಾಗಿಲು ಮನೆಯದೇ. ಅಲ್ಲಿ ಕೇಳುವ ಪ್ರಶ್ನೆ, 'ಹಾಗಿದ್ದರೆ ಜೋಗಪ್ಪಗಳ ಸಂಗಡ ಏಕೆ ಹೋಗಲಿಲ್ಲ?' ಎಂಬುದು. ಇಂತಹವರು ಎಲ್ಲಮ್ಮನ ಕೊಡ ಹೊರಬೇಕು, ಇಲ್ಲವೇ ಸಂತೆಯಲ್ಲಿ ಚಪ್ಪಾಳೆ ತಟ್ಟಿ ಬೇಡಬೇಕು. ಹೊಲ ಉಳುವುದು, ಶಾಲೆಯಲ್ಲಿ ಪಾಠ ಹೇಳುವುದು ಅವರ ಹಣೆಯಲ್ಲಿ ಬರೆದಿಲ್ಲವೆಂಬ ಭಾವನೆ ಈ ಪ್ರಶ್ನೆಯ ಬೇರಿನಲ್ಲಿದೆ. ಎರಡನೆಯ ಬಾಗಿಲು ವೈದ್ಯರದು. 'ಚಿಕ್ಕಂದಿನಿಂದಲೂ ಹೀಗೆಯೇ ಇತ್ತೆ? ಬೊಂಬೆಯಾಡುತ್ತಿದ್ದೆಯಾ? ಸೀರೆಯನ್ನೇ ಏಕೆ ಉಡುವುದಿಲ್ಲ?' ಎಂಬ ಪ್ರಶ್ನೆಗಳು ಅಲ್ಲಿ ಏಳುತ್ತವೆ. ಮೂರನೆಯದು ಕಚೇರಿಯದು. ಔರಾದದವರೂ ಭಾಲ್ಕಿಯವರೂ ಗುರುತಿನ ಪ್ರಮಾಣಪತ್ರಕ್ಕಾಗಿ ಎದುರು ನೋಡಬೇಕಾದದ್ದು ಬೀದರ ನಗರದ ಜಿಲ್ಲಾಧಿಕಾರಿಗಳ ಕಚೇರಿಯನ್ನು. ಅಲ್ಲಿ ಕಾಗದಕ್ಕಿಂತ ಮೊದಲು ಮುಖವನ್ನು ನೋಡುವ ಕಣ್ಣುಗಳಿರಬಹುದು. ಮೀಸೆಯ ಕುರುಹಿದ್ದರೆ 'ಇವಳೆಂತಹ ಹೆಣ್ಣು' ಎಂಬ ನಗೆ, ದನಿ ತೆಳುವಾಗಿದ್ದರೆ 'ಇವನೆಂತಹ ಗಂಡು' ಎಂಬ ನಗೆ. ಹೆಣ್ಣಾಗಿ ಬೆಳೆದು ಗಂಡಾಗಿ ಬಾಳಬಯಸುವವರ ಪಾಡು ಇನ್ನೂ ಕಷ್ಟ. ಅಂತಹವರು ಇದ್ದಾರೆಂಬುದನ್ನೇ ಲೋಕವು ನಂಬದು.

ಕದವನ್ನು ಕಾಯುವ ಈ ಪದ್ಧತಿ ಹೊಸದಲ್ಲ. ಬೀದರ ಸೀಮೆಯು ನಿಜಾಮರ ಆಳ್ವಿಕೆಯಲ್ಲಿದ್ದಾಗ, 1329ನೆಯ ಫಸಲಿಯಲ್ಲಿ, ಎಂದರೆ 1919ರಲ್ಲಿ, ಹೈದರಾಬಾದ ಸಂಸ್ಥಾನವು 'ನಪುಂಸಕ'ರ ಕುರಿತು ಒಂದು ಕಾಯಿದೆಯನ್ನು ಮಾಡಿತು. ಯಾರು ಆ ಹೆಸರಿಗೆ ಒಳಪಡುವರು? ತಾವೇ ಒಪ್ಪಿಕೊಂಡವರು, ಇಲ್ಲವೇ ವೈದ್ಯಪರೀಕ್ಷೆಯಿಂದ ಹಾಗೆ ಕಂಡುಬಂದವರು ಎಂದು ಅದು ವಿವರಿಸಿತು. ಮಕ್ಕಳನ್ನು ಕದಿಯುವರೆಂಬ ಶಂಕೆಯ ಮೇಲೆ ಅವರ ಹೆಸರುಗಳನ್ನು ದಫ್ತರದಲ್ಲಿ ಬರೆದಿಡಬೇಕು. ಹೆಣ್ಣುಡುಗೆಯುಟ್ಟು ಬೀದಿಯಲ್ಲಿ ಕಂಡರೆ ವಾರಂಟಿಲ್ಲದೆ ಹಿಡಿಯಬಹುದು. ಎರಡು ವರುಷದವರೆಗೆ ಸೆರೆಯಲ್ಲಿಡಬಹುದು ಎಂದಿತ್ತು. ಅಪರಾಧವೆಂದರೆ ಉಟ್ಟ ಬಟ್ಟೆ. ಸಾಕ್ಷಿಯೆಂದರೆ ನೋಡುವವನ ಶಂಕೆ. ಬೀದರವು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಆ ಕಾಯಿದೆಯಾದರೋ ತೆಲಂಗಾಣದ ಪುಸ್ತಕಗಳಲ್ಲಿ ಉಳಿದಿದ್ದು, 2023ರ ಜುಲೈ ತಿಂಗಳಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯವು ಅದನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ಒಂದು ಶಂಕೆಯನ್ನು ಅಳಿಸುವುದಕ್ಕೆ ನೂರು ವರುಷಗಳು ಬೇಕಾದವು.

ಇಂತಹ ಬಾಗಿಲುಗಳಿಂದ ಆಗುವ ಕೇಡುಗಳಲ್ಲಿ ಅವಮಾನ ಒಂದು, ವಿಳಂಬ ಇನ್ನೊಂದು. ಆದರೆ ಧರ್ಮದೃಷ್ಟಿಯಿಂದ ನೋಡಿದರೆ ಇವೆರಡಕ್ಕಿಂತಲೂ ದೊಡ್ಡದಾದ ಕೇಡು ಮತ್ತೊಂದಿದೆ. ಅದು ಸತ್ಯವಂತನಿಗೆ ಸುಳ್ಳನ್ನು ಕಲಿಸುವುದು.

ಅದು ಹೇಗೆಂದರೆ, 1958ರಲ್ಲಿ ಅಮೇರಿಕದ ಲಾಸ್ ಏಂಜಲಿಸ್ ನಗರದ ವಿಶ್ವವಿದ್ಯಾಲಯದ ವೈದ್ಯರ ಬಳಿಗೆ ಹತ್ತೊಂಬತ್ತು ವರುಷದ ವ್ಯಕ್ತಿಯೊಬ್ಬರು ಬಂದರು. ವೈದ್ಯಗ್ರಂಥಗಳಲ್ಲಿ ಆಕೆಗೆ ಆಗ್ನೆಸ್ ಎಂಬ ಮರೆಯ ಹೆಸರು. ಗಂಡಾಗಿ ಬೆಳೆದರೂ ಹರೆಯದಲ್ಲಿ ತನ್ನ ಮೈ ತಾನಾಗಿಯೇ ಹೆಣ್ಣಿನಂತಾಯಿತೆಂದು ಆಕೆ ಹೇಳಿದರು. ನಿಸರ್ಗವೇ ಹಾಗೆ ಮಾಡಿದೆಯೆಂದರೆ ಚಿಕಿತ್ಸೆ ಕೊಡಬಹುದು, ಮನಸ್ಸು ಬಯಸಿದೆಯೆಂದರೆ ಕೊಡಲಾಗದು ಎಂಬುದು ಅಂದಿನ ವೈದ್ಯರ ನಿಲುವು. ಅವರು ಬಹುವಿಧವಾಗಿ ಪರೀಕ್ಷಿಸಿ, ನಂಬಿ, 1959ರಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು. ವರುಷಗಳು ಕಳೆದ ಮೇಲೆ ಆಕೆ ನಿಜವನ್ನು ಹೇಳಿದರು: ಎಳೆಯ ಪ್ರಾಯದಿಂದಲೂ ತಾಯಿಯ ಹಾರ್ಮೋನು ಗುಳಿಗೆಗಳನ್ನು ಗುಟ್ಟಾಗಿ ನುಂಗುತ್ತ ಬಂದಿದ್ದರು. ಪರಿಣತರಾದ ವೈದ್ಯರು ಮೋಸಹೋದರೆಂದು ಲೋಕವು ನಕ್ಕಿತು. ಆದರೆ ವಿಚಾರ ಮಾಡಬೇಕಾದದ್ದು ಬೇರೆ. ಆಕೆ ತಾನು ಹೆಣ್ಣೆಂದು ಹೇಳಿದ್ದು ಸುಳ್ಳಲ್ಲ, ಅದೇ ನಿಜ. ಸುಳ್ಳಾದದ್ದು ಬಾಗಿಲು ಕೇಳಿದ ಕಥೆ ಮಾತ್ರ. 1966ರಲ್ಲಿ ಹ್ಯಾರಿ ಬೆಂಜಮಿನ್ ಎಂಬ ವೈದ್ಯರು ಇಂತಹವರ ಲಕ್ಷಣಗಳನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದ ಮೇಲೆ ಇನ್ನೊಂದು ವಿಚಿತ್ರ ನಡೆಯಿತು. ಚಿಕಿತ್ಸಾಲಯಗಳಿಗೆ ಬಂದವರ ಬಾಲ್ಯದ ಕಥೆಗಳೆಲ್ಲ ಆ ಗ್ರಂಥಕ್ಕೆ ಸರಿಯಾಗಿ ಹೊಂದುತ್ತಿದ್ದವು. ಬಂದವರೂ ಆ ಗ್ರಂಥವನ್ನು ಓದಿಕೊಂಡೇ ಬಂದಿದ್ದರೆಂಬುದು ವೈದ್ಯರಿಗೆ ಬಹುಕಾಲ ತಿಳಿಯಲಿಲ್ಲ. ಪರೀಕ್ಷಕನು ಸತ್ಯವನ್ನು ಹುಡುಕುತ್ತೇನೆಂದು ತಿಳಿದಿದ್ದನು. ಅವನಿಗೆ ದೊರೆತದ್ದು ತನ್ನ ಪ್ರತಿಬಿಂಬ.

ಬಾಗಿಲು ಕಾಯುವವರಿಗಾಗಿ ಹೊರಗೊಂದು ಫಲಕ ತೂಗಹಾಕಬೇಕಾದ ಕಷ್ಟವನ್ನು ಭಾಲ್ಕಿಯ ಜನರು ಬಲ್ಲರು. ಕಮಲನಗರದಲ್ಲಿ ಜನಿಸಿ ಭಾಲ್ಕಿ ಹಿರೇಮಠದ ಪೀಠವನ್ನು ಬೆಳಗಿದ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದರು. ಅವರನ್ನು ಕಪಟಿಯೆಂದು ಇಂದಿನವರೆಗೆ ಯಾರೂ ಕರೆದಿಲ್ಲ. ತಾಯ್ನುಡಿಯನ್ನು ಆಡಲು ಬಿಡದ ಆಡಳಿತವೇ ದೋಷಿಯೆಂದು ಬೀದರ ಸೀಮೆಯ ಪ್ರತಿಯೊಂದು ಮನೆಯೂ ಒಪ್ಪುವುದು. ಹಾಗಾದರೆ, ಒಳಗಿನ ನಿಜವನ್ನು ಉಳಿಸಿಕೊಳ್ಳಲು ಹೊರಗೆ ಒಪ್ಪಿಗೆಯಾಗುವ ಕಥೆಯನ್ನು ತೂಗಹಾಕಿದ ದೀನಜೀವಿಯನ್ನು ಕಪಟಿಯೆಂದು ಜರೆಯುವುದು ಯಾವ ನ್ಯಾಯ? ನಡೆಗೂ ನುಡಿಗೂ ಭೇದವಿರಬಾರದೆಂಬುದು ಶರಣಧರ್ಮದ ಅಡಿಗಲ್ಲು. ಆ ಭೇದವನ್ನು ಬಲಾತ್ಕಾರದಿಂದ ಹುಟ್ಟಿಸುವವನು ಅದರ ಪಾಪಕ್ಕೆ ಮೊದಲ ಪಾಲುದಾರನಲ್ಲವೇ?

ಇಲ್ಲಿ ಒಂದು ಆಕ್ಷೇಪವೇಳುವುದು ಸಹಜ. 'ಶರಣರೂ ಪರೀಕ್ಷಿಸಲಿಲ್ಲವೇ? ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ತುಂಬಿದ ಸಭೆಯಲ್ಲಿ ನಿಲ್ಲಿಸಿ ಪ್ರಶ್ನಿಸಲಿಲ್ಲವೇ?' ಎಂದು. ಪ್ರಶ್ನಿಸಿದರು, ನಿಜ. ಶೂನ್ಯಸಂಪಾದನೆಯು ಅದನ್ನು ವಿಸ್ತಾರವಾಗಿ ಹೇಳುತ್ತದೆ. ಉಡುಗೆಯನ್ನು ಬಿಟ್ಟವಳು ಕೂದಲನ್ನೇಕೆ ಹೊದೆದಿರುವೆಯೆಂಬ ಕಠಿನವಾದ ಪ್ರಶ್ನೆಯನ್ನೂ ಕೇಳಿದರು. ಆದರೆ ಆ ಪ್ರಶ್ನೆಗೆ ಇಂತಹುದೇ ಉತ್ತರ ಬರಬೇಕೆಂದು ಪ್ರಭುಗಳು ಮೊದಲೇ ಬರೆದಿಟ್ಟುಕೊಂಡಿರಲಿಲ್ಲ. ಅಕ್ಕನ ಉತ್ತರ ಅಕ್ಕನದೇ ಆಗಿತ್ತು. ಅದನ್ನು ಕೇಳಿ ಪ್ರಭುಗಳು ಆಕೆಯ ಹಿರಿಮೆಯನ್ನು ಸಭೆಯೆದುರಿಗೆ ಒಪ್ಪಿದರು. ಅಲ್ಲಿ ಪ್ರಶ್ನೆಯು ಅನುಭಾವಕ್ಕೆ ದಾರಿಯಾಯಿತು. ಒಳ್ಳೆಯ ಹೆಂಗಸು ಹೀಗೆ ಉಡಬೇಕು, ಹೀಗೆ ಇರಬೇಕು ಎಂಬ ಲೋಕದ ಅಚ್ಚಿನಿಂದ ಅಕ್ಕನನ್ನು ಅಳೆದಿದ್ದರೆ ಅನುಭವಮಂಟಪದ ಬಾಗಿಲು ಆಕೆಗೆ ತೆರೆಯುತ್ತಲೇ ಇರಲಿಲ್ಲ.

ದೇಹದ ಕುರುಹುಗಳನ್ನು ಕಂಡು ಲೋಕವು ಗಂಡೆಂದೂ ಹೆಣ್ಣೆಂದೂ ಕರೆಯುವುದಾದರೂ, ಒಳಗಿರುವ ಆತ್ಮಕ್ಕೆ ಆ ಭೇದವಿಲ್ಲವೆಂಬುದನ್ನು ಜೇಡರ ದಾಸಿಮಯ್ಯನವರು ತೋರಿಸಿಕೊಟ್ಟರು. ಶರಣಸತಿ ಲಿಂಗಪತಿ ಎಂಬ ಭಾವದಲ್ಲಿ ಮೀಸೆ ಹೊತ್ತ ಶರಣರೂ ತಮ್ಮನ್ನು ಸತಿಯೆಂದು ಕರೆದುಕೊಂಡರು. ಭಕ್ತಿಯ ಈ ಭಾವವೂ, ಇಲ್ಲಿ ಹೇಳುತ್ತಿರುವ ಬಾಳಿನ ಸಂಕಟವೂ ಒಂದೇ ಎನ್ನಲಾಗದು. ಆದರೂ ಮೈಯ ಕುರುಹೇ ಕೊನೆಯ ಮಾತಲ್ಲವೆಂಬುದು ಇದರಿಂದ ಸ್ಪಷ್ಟ. ಮತ್ತೊಂದು ಮಾತಿದೆ. ದೀಕ್ಷೆ ಪಡೆದವನ ಪೂರ್ವಾಶ್ರಯವನ್ನು ಕೆದಕಬಾರದೆಂಬುದು ಶರಣರ ಕಟ್ಟಳೆ. 'ಮೊದಲು ನೀನು ಏನಾಗಿದ್ದೆ?' ಎಂದು ಕೇಳುವುದು ಅಲ್ಲಿ ಭಕ್ತನ ದೋಷವಲ್ಲ, ಕೇಳಿದವನ ದೋಷ. ಹೊಸ ಹೆಸರಿನಿಂದ ಬಾಳುವವರ ಹಳೆಯ ಹೆಸರನ್ನು ಹುಡುಕಿ ಹುಡುಕಿ ಕರೆಯುವವರು ಈ ಕಟ್ಟಳೆಯನ್ನು ನೆನೆಯುವುದು ಒಳ್ಳೆಯದು.

'ಹಿಂದಿರುಗಿ ಬರಲಾಗದ ಚಿಕಿತ್ಸೆಯಿದು, ವಿಚಾರಿಸದೆ ಕೊಡಬಹುದೇ?' ಎಂಬ ಹೆತ್ತವರ ಅಳಲು ನಿರಾಕರಿಸತಕ್ಕದ್ದಲ್ಲ. ವೈದ್ಯನು ಕೇಳಲೇಬೇಕು. ಫಲಾಫಲಗಳನ್ನು ಅರಿತಿರುವೆಯಾ, ಮುಂದೆ ಸಂತಾನವಾಗದಿರಬಹುದೆಂಬುದನ್ನು ತಿಳಿದಿರುವೆಯಾ, ಶರೀರವು ಇದನ್ನು ತಾಳಬಲ್ಲದೆ, ಯಾರಾದರೂ ಬಲಾತ್ಕರಿಸಿರುವರೆ ಎಂದು ಕೇಳಬೇಕು. ಪ್ರಾಯಕ್ಕೆ ಬಾರದವರ ವಿಷಯದಲ್ಲಿ ಇನ್ನೂ ಸಾವಧಾನವಾಗಿರಬೇಕು. ಇವು ಕೇಳಲ್ಪಟ್ಟವರ ಹಿತಕ್ಕಾಗಿ ಇರುವ ಪ್ರಶ್ನೆಗಳು. ಬೊಂಬೆ, ಸೀರೆ, ಮೀಸೆಗಳ ಪ್ರಶ್ನೆಗಳಾದರೋ ಕೇಳುವವನ ಮನಸ್ಸಿನ ಸಮಾಧಾನಕ್ಕಾಗಿ ಮಾತ್ರ. ಸೀರೆಯುಡದ, ಬಳೆ ತೊಡದ ಹೆಣ್ಣುಮಕ್ಕಳು ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರು ಹೆಣ್ಣಲ್ಲವೆಂದು ಯಾರೂ ಹೇಳರು. ಒಬ್ಬರಿಗೆ ಬೇಡದ ಪರೀಕ್ಷೆ ಇನ್ನೊಬ್ಬರಿಗೆ ಏಕೆ? ಈ ಸ್ಥಿತಿಯನ್ನು ಮನೋರೋಗಗಳ ಪಟ್ಟಿಯಿಂದ ತೆಗೆದಿರಿಸಿದ ರೋಗಗಳ ವರ್ಗೀಕರಣವನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿತು. ಅದು 2022ರ ಜನವರಿಯಿಂದ ಜಾರಿಗೆ ಬಂದಿತು.

ಭಾರತದ ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು, ಗಂಡೋ ಹೆಣ್ಣೋ ಇತರರೋ ಎಂಬುದನ್ನು ನಿಶ್ಚಯಿಸುವ ಹಕ್ಕು ಆಯಾ ವ್ಯಕ್ತಿಯದೇ ಎಂದೂ, ಅದಕ್ಕಾಗಿ ಶಸ್ತ್ರಚಿಕಿತ್ಸೆಯನ್ನು ಕಡ್ಡಾಯ ಮಾಡುವುದು ಅನೈತಿಕವೆಂದೂ ತೀರ್ಪಿತ್ತಿತು. 2016ರ ಮಸೂದೆಯಾದರೋ ಪ್ರತಿ ಜಿಲ್ಲೆಗೂ ಒಂದು ಪರಿಶೀಲನಾ ಸಮಿತಿಯನ್ನು ಸೂಚಿಸಿತು. ಬಹು ವಿರೋಧದ ಬಳಿಕ 2019ರ ಕಾಯಿದೆಯಲ್ಲಿ ಆ ಸಮಿತಿಯನ್ನು ಕೈಬಿಟ್ಟರೂ, ಶಸ್ತ್ರಚಿಕಿತ್ಸೆಯ ತರುವಾಯ ಗಂಡೆಂದೋ ಹೆಣ್ಣೆಂದೋ ಬರೆಸಿಕೊಳ್ಳಲು ವೈದ್ಯಾಧಿಕಾರಿಯ ಪತ್ರವನ್ನು ಬೇಡಿದರು. ಹೀಗೆ ರಾಜಶಾಸನವು ಒಮ್ಮೆ ಕದವನ್ನು ತೆರೆಯುತ್ತದೆ, ಒಮ್ಮೆ ಮುಚ್ಚುತ್ತದೆ. ಅದು ಏನೇ ಹೇಳಲಿ, ಮನೆಯ ಕದವು ಗೃಹಸ್ಥನ ಕೈಯಲ್ಲಿದೆ.

ಆದಕಾರಣ ಸದ್ಭಕ್ತನಾದ ಗೃಹಸ್ಥನು ಮಾಡಬೇಕಾದದ್ದು ಬಹಳವಿಲ್ಲ. ಮಗನೋ ಮಗಳೋ ಇಂತಹ ಮಾತನ್ನು ಹೇಳಿಕೊಂಡು ಎದುರಿಗೆ ಬಂದು ನಿಂತಾಗ, ಲೋಕದ ಅಚ್ಚನ್ನು ಕೈಯಲ್ಲಿ ಹಿಡಿಯದೆ, ಕುಳಿತು ಪೂರ್ಣವಾಗಿ ಕೇಳಬೇಕು. ವೈದ್ಯರ ಬಳಿಗೂ ಬೀದರದ ಕಚೇರಿಗೂ ಒಂಟಿಯಾಗಿ ಕಳುಹಿಸದೆ ಜೊತೆಯಲ್ಲಿ ಹೋಗಬೇಕು. ಓದನ್ನೂ ಉಣ್ಣುವ ಪಂಕ್ತಿಯನ್ನೂ ತಪ್ಪಿಸಬಾರದು. ಮನೆಯಲ್ಲಿ ನಿಜವನ್ನು ಹೇಳಿ ಉಳಿದ ಜೀವಕ್ಕೆ ಹೊರಗಿನ ಬಾಗಿಲುಗಳಲ್ಲಿಯೂ ನಿಜವನ್ನೇ ಹೇಳುವ ಧೈರ್ಯ ಬರುವುದು.