ನಡೆಸಿದವನ ಹೆಸರು

ಅಕಾಲದಲ್ಲಿ ಮಡಿದ ಕಲಾವಿದರಿಗಾಗಿ ದಾರಿಯ ಮಗ್ಗುಲಲ್ಲಿ ಕಲ್ಲು ನಿಲ್ಲಿಸುವುದು ಲೋಕರೂಢಿ. ಆ ಕಲ್ಲಿನ ಮೇಲೆ ಯಾರ ಹೆಸರನ್ನು ಕೊರೆಯಬೇಕು, ಯಾರದನ್ನು ಬಿಡಬೇಕು ಎಂಬುದು ಮೇಲುನೋಟಕ್ಕೆ ಕಲ್ಕುಟಿಗನ ಪ್ರಶ್ನೆಯಾಗಿ ತೋರಬಹುದು. ವಿಚಾರಿಸಿ ನೋಡಿದರೆ ಅದು ಧರ್ಮಸೂಕ್ಷ್ಮದ ಪ್ರಶ್ನೆಯೇ ಆಗಿದೆ.

ಬೆಂಗಳೂರಿನ ಪೀಣ್ಯದ ಕೈಗಾರಿಕಾ ಬಡಾವಣೆಯ ಬದಿಯಲ್ಲಿ ತುಮಕೂರಿನ ಹೆದ್ದಾರಿ ಹಾದುಹೋಗುತ್ತದಷ್ಟೆ. ಅದೇ ಹೆದ್ದಾರಿ ಚಿತ್ರದುರ್ಗವನ್ನು ದಾಟಿ ದಾವಣಗೆರೆಯ ಸಮೀಪದ ಆನಗೋಡನ್ನು ಮುಟ್ಟುತ್ತದೆ. 1990ರ ಸೆಪ್ಟೆಂಬರ್ 30ರಂದು ಅಲ್ಲಿ ಒದಗಿದ ಅಪಘಾತದಲ್ಲಿ ನಟರೂ ನಿರ್ದೇಶಕರೂ ಆದ ಶಂಕರ್ ನಾಗ್ ಅಸುನೀಗಿದರು. ಆಗ ಅವರಿಗೆ 35 ವರ್ಷ. ಅವರು ಸಂಗೀತಗಾರರಲ್ಲದಿದ್ದರೂ ‘ಸಂಕೇತ್’ ಎಂಬ ಧ್ವನಿಮುದ್ರಣ ಮಂದಿರವನ್ನು ಬೆಂಗಳೂರಿನಲ್ಲಿ ಕಟ್ಟಿ, ನಾದದ ಕೆಲಸಕ್ಕೂ ನೆರವಾದವರು. ಅವರ ನೆನಹನ್ನು ಇಂದಿಗೂ ಹೊತ್ತು ತಿರುಗುತ್ತಿರುವವರು ವಿದ್ವಾಂಸರಲ್ಲ, ಆಟೋರಿಕ್ಷಾ ಚಾಲಕರು. 1980ರ ‘ಆಟೋ ರಾಜ’ ಚಿತ್ರದಲ್ಲಿ ಅವರು ಚಾಲಕನ ಪಾತ್ರ ವಹಿಸಿದ್ದನ್ನು ಈ ಜನ ಮರೆತಿಲ್ಲ. ಪಾಳಿ ಮುಗಿಸಿ ಬರುವ ಕಾರ್ಮಿಕರಿಗಾಗಿ ಕಾದು ನಿಂತ ಆಟೋಗಳ ಬೆನ್ನಿನ ಮೇಲೆ ಅವರ ಮುಖ ಕಾಣುತ್ತದೆ. ಸ್ಥಾವರವಲ್ಲದ, ಚಲಿಸುವ ಸ್ಮಾರಕವಿದು. ನಡೆಸುವವರು ಇಲ್ಲಿ ಕಲಾವಿದನನ್ನು ನೆನೆದರು.

ಇದಕ್ಕೆ ತಿರುವುಮುರುವಾದ ವೃತ್ತಾಂತವೊಂದು ಅಮೆರಿಕಾ ದೇಶದ್ದು. 1959ರ ಫೆಬ್ರವರಿ ತಿಂಗಳ ಕಡುಚಳಿಯಲ್ಲಿ, ಅಯೋವಾ ಪ್ರಾಂತದ ಕ್ಲಿಯರ್ ಲೇಕ್ ಎಂಬ ಊರಿನಲ್ಲಿ ಹಾಡಿ ಮುಗಿಸಿದ ಮೂವರು ಗಾಯಕರು ಮುಂದಿನ ಊರಿಗೆಂದು ಬಾಡಿಗೆಯ ಪುಟ್ಟ ವಿಮಾನವನ್ನೇರಿದರು. ಸಂಚಾರದ ಬಸ್ಸುಗಳಲ್ಲಿ ಚಳಿ ತಡೆಯುವ ವ್ಯವಸ್ಥೆ ಕೆಟ್ಟು ಅವರು ಬಹಳ ಬಳಲಿದ್ದರು. ಬಡ್ಡಿ ಹಾಲಿಗೆ 22 ವರ್ಷ, ರಿಚಿ ವ್ಯಾಲೆನ್ಸನಿಗೆ 17, ಜೆ. ಪಿ. ರಿಚರ್ಡ್ಸನ್ನನಿಗೆ 28. ಮೇಲೆದ್ದ ಕೆಲವೇ ನಿಮಿಷಗಳಲ್ಲಿ ವಿಮಾನ ಹೊಲವೊಂದರಲ್ಲಿ ಬಿದ್ದು ಎಲ್ಲರೂ ಮಡಿದರು. ಯಾತ್ರಿಕರು ಇಂದಿಗೂ ಹಳ್ಳಿಯ ರಸ್ತೆಯ ಅಂಚಿನಲ್ಲಿ ನಿಲ್ಲಿಸಿರುವ ದೊಡ್ಡದೊಂದು ಕನ್ನಡಕದ ಆಕೃತಿಯನ್ನು ಗುರುತು ಹಿಡಿದು, ಬೇಲಿಯ ಗುಂಟ ಹೊಲದೊಳಗೆ ನಡೆದು ಆ ಸ್ಥಳವನ್ನು ಸೇರುತ್ತಾರೆ. ಹೂವನ್ನೂ ಬಿಡಿಕಾಸನ್ನೂ ತಮ್ಮ ಕನ್ನಡಕಗಳನ್ನೂ ಇಟ್ಟು ಬರುತ್ತಾರೆ. ಹಾಲಿ ಕನ್ನಡಕಧಾರಿಯಾಗಿದ್ದನು. 1988ರಲ್ಲಿ ಅಭಿಮಾನಿಯೊಬ್ಬನು ಅಲ್ಲಿ ಉಕ್ಕಿನಿಂದ ಮಾಡಿದ ಗಿಟಾರನ್ನೂ ಮೂರು ಗಾನಮುದ್ರಿಕೆಗಳನ್ನೂ ನಿಲ್ಲಿಸಿದನು. ಮೂರು ಮುದ್ರಿಕೆಗಳು, ಮೂರು ಹೆಸರುಗಳು.

ಸತ್ತವರು ಮಾತ್ರ ನಾಲ್ವರು. ವಿಮಾನವನ್ನು ನಡೆಸಿದ ರೋಜರ್ ಪೀಟರ್ಸನ್ನನಿಗೆ 21 ವರ್ಷ. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಅವನಿಗಾಗಿ ಅಲ್ಲಿ ಗುರುತು ನಿಂತದ್ದು 2009ರಲ್ಲಿ, ಅಂದರೆ 50 ವರ್ಷಗಳ ತರುವಾಯ. ಹೊರಗಿನದೇನೂ ಕಾಣದಿದ್ದಾಗ ಯಂತ್ರಸೂಚಿಗಳನ್ನೇ ನಂಬಿ ಹಾರಿಸುವ ಅರ್ಹತೆ ಅವನಿಗಿರಲಿಲ್ಲ. ಹಾರಲು ಒಪ್ಪಿದ್ದೇ ತಪ್ಪೆಂದು ವಿಚಾರಣಾ ಮಂಡಲಿ ತೀರ್ಮಾನಿಸಿತು. ಹವಾಮಾನದ ವಿಷಯದಲ್ಲಿ ಅವನಿಗೆ ದೊರೆತ ತಿಳಿವಳಿಕೆ ತೀರ ಅಸಮರ್ಪಕವಾಗಿತ್ತೆಂದೂ ಅದೇ ಮಂಡಲಿ ಬರೆಯಿತು. ಜನರ ನಾಲಗೆಯ ಮೇಲೆ ಉಳಿದದ್ದು ಮೊದಲನೆಯ ಮಾತು ಮಾತ್ರ.

ತಪ್ಪಿದವನನ್ನೂ ಸಾಲಿನಲ್ಲಿ ನಿಲ್ಲಿಸಿದರೆ ತಪ್ಪನ್ನೇ ಮನ್ನಿಸಿದಂತಾಗದೆ ಎಂದು ಕೇಳುವವರುಂಟು. ಆಕ್ಷೇಪ ಹಗುರವಾದುದಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಎದುರಿಗೆ ಸಮದೃಷ್ಟಿಯ ಉಪದೇಶ ಮಾಡುವುದು ಸುಲಭವೂ ಅಲ್ಲ, ಉಚಿತವೂ ಅಲ್ಲ. ಆದರೂ ದೋಷವನ್ನು ನಿರ್ಣಯಿಸುವುದು ಒಂದು, ಸತ್ತವನನ್ನು ಸತ್ತವರ ಲೆಕ್ಕದಿಂದ ತೆಗೆದುಹಾಕುವುದು ಮತ್ತೊಂದು. ಮೊದಲನೆಯದು ನ್ಯಾಯ; ಎರಡನೆಯದನ್ನು ನ್ಯಾಯವೆನ್ನಲು ನಾಲಗೆ ಏಳದು.

ನಮ್ಮ ನಾಡಿನ ಹಿರಿಯರು ಈ ವಿಷಯದಲ್ಲಿ ಉದಾರಿಗಳಾಗಿದ್ದರೆಂಬುದಕ್ಕೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲು ಸಾಕ್ಷಿ. ಹತ್ತನೆಯ ಶತಮಾನದ ಆ ಶಾಸನ ತಕ್ಕೋಲದ ಯುದ್ಧದ ವಿಜಯವನ್ನು ಹೇಳುತ್ತದೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ಬೇಟೆನಾಯಿಯನ್ನೂ ಅದೇ ಕಲ್ಲಿನಲ್ಲಿ ನೆನೆಯುತ್ತದೆ. ಅರಸನ ಗೆಲವಿನ ಮಗ್ಗುಲಲ್ಲಿ ನಾಯಿಗೆ ಎಡೆಯಿತ್ತು! ಇನ್ನು ಶರಣರ ಮಾತೇನು? ಹತ್ತಿದವರನ್ನು ದಡ ಮುಟ್ಟಿಸುವ ದೋಣಿಕಾರನು ಅನುಭಾವಿಗಳ ಸಾಲಿನಲ್ಲಿ ನಿಂತನಲ್ಲದೆ, ಕಾಯಕವೂ ಹೆಸರೂ ಕೂಡಿದ ‘ಅಂಬಿಗರ ಚೌಡಯ್ಯ’ ಎಂಬುದನ್ನೇ ತನ್ನ ವಚನಗಳ ಅಂಕಿತವಾಗಿ ಇರಿಸಿಕೊಂಡನು. ಪಯಣಿಗರ ಹೆಸರು ಉಳಿಯದೆ ನಡೆಸಿದವನ ಹೆಸರೇ ಉಳಿಯಿತು.

ಇದು ದೂರದೇಶದ ಸಂಗತಿಯೆಂದು ಗೃಹಸ್ಥರು ಕೈಬಿಡಲಾಗದು. ಮದುವೆಗೆ ಹೊರಟ ವಾಲಗದವರ ಟ್ರ್ಯಾಕ್ಟರು ಏರಿಯ ಮೇಲಿಂದ ಮಗುಚಿತೆಂದು ಭಾವಿಸಿರಿ. ವಾಲಗದವರ ಮನೆಗಳಿಗೆ ಊರೇ ಹೋಗಿ ಕುಳಿತು ಬರುತ್ತದೆ. ಟ್ರ್ಯಾಕ್ಟರು ನಡೆಸಿ ತಾನೂ ಸತ್ತ ಹುಡುಗನ ಮನೆ ಅದೇ ಓಣಿಯ ಕೊನೆಯಲ್ಲಿದೆ. ಒಳಗೆ ಅವನ ತಾಯಿ ದೀಪವನ್ನೂ ಹಚ್ಚದೆ ಕುಳಿತಿದ್ದಾಳೆ. ಎಲ್ಲ ಮನೆಗಳನ್ನೂ ಮುಗಿಸಿ ಬಂದ ಸದ್ಭಕ್ತನು ಆ ಬಾಗಿಲನ್ನು ತಟ್ಟುವನೆ, ಹೊತ್ತಾಯಿತೆಂದು ಹಿಂದಿರುಗುವನೆ?