ನೋಡುವ ಗಾಜು, ಉಣ್ಣುವ ಗಾಜು

ಟ್ವಿನ್ ಲೆನ್ಸ್ ರಿಫ್ಲೆಕ್ಸ್ ಕ್ಯಾಮೆರಾದ ಮುಂಬದಿಯಲ್ಲಿ ಒಂದರ ಮೇಲೊಂದು ಎರಡು ಲೆನ್ಸ್‌ಗಳಿರುತ್ತವೆ. ಮೇಲಿನದು ಕಣ್ಣಿಗೆ, ಕೆಳಗಿನದು ಫಿಲಂಗೆ. ಮೇಲಿನ ಲೆನ್ಸ್‌ನಿಂದ ಒಳಬಂದ ಬೆಳಕು 45 ಡಿಗ್ರಿ ಓರೆಯಾಗಿ ಕೂರಿಸಿದ ಕನ್ನಡಿಗೆ ತಾಗಿ, ಪೆಟ್ಟಿಗೆಯ ನೆತ್ತಿಯಲ್ಲಿರುವ ಮಬ್ಬು ಗಾಜಿನ ಮೇಲೆ ಬಿಂಬವಾಗಿ ನಿಲ್ಲುತ್ತದೆ. ಕೆಳಗಿನದು ಶಟರ್ ಮುಚ್ಚಿಕೊಂಡು ಕತ್ತಲಲ್ಲಿ ಕಾಯುತ್ತದೆ. ಗುಂಡಿ ಒತ್ತಿದಾಗ ಮಾತ್ರ, ಸೆಕೆಂಡಿನ ನೂರನೆಯ ಒಂದು ಪಾಲಿನಷ್ಟು ಹೊತ್ತು, ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಒಂದು ಗಾಜು ನೋಡುತ್ತದೆ, ಇನ್ನೊಂದು ಉಣ್ಣುತ್ತದೆ. ವೇದಾಂತದ ಹಳೆಯ ಪ್ರಶ್ನೆಯೊಂದು ಇಲ್ಲಿ ಕೈಯಲ್ಲಿ ಹಿಡಿಯುವಷ್ಟು ಹತ್ತಿರ ಬರುತ್ತದೆ: ನೋಡುವವನು, ಅನುಭವಿಸುವವನು ಇಬ್ಬರೋ ಒಬ್ಬನೋ?

ಜರ್ಮನಿಯ ಫ್ರಾಂಕೆ ಮತ್ತು ಹೈಡೆಕೆ ಕಂಪನಿ 1929ರಲ್ಲಿ ಹೊರತಂದ ರೋಲಿಫ್ಲೆಕ್ಸ್ ಈ ಮಾದರಿಗೆ ಹೆಸರು ತಂದಿತು. ಅದು ಉಳ್ಳವರ ಕ್ಯಾಮೆರಾ. ಜಪಾನಿನ ಯಾಶಿಕಾ, ಸೋವಿಯತ್ ದೇಶದ ಲ್ಯೂಬಿಟೆಲ್, ಚೀನಾದ ಸೀಗಲ್ ಕಡಿಮೆ ದುಡ್ಡಿಗೆ ಅದೇ ಕೆಲಸ ಮಾಡಿದವು. ನಮ್ಮ ನಾಡಿನ ಸಣ್ಣ ಊರುಗಳ ಸ್ಟುಡಿಯೊಗಳಲ್ಲಿ ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೋ ಎಲ್ಲವನ್ನೂ ಬಹುಕಾಲ ಹಿಡಿದದ್ದು ಇಂಥ ಯಾಶಿಕಾಗಳೇ. 120 ಅಳತೆಯ ಫಿಲಂ ರೋಲ್ ಒಂದಕ್ಕೆ 6 ಸೆಂ.ಮೀ. ಚೌಕದ 12 ಚಿತ್ರ. 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲಂ ಈಗಿಲ್ಲ. ಹೊರದೇಶದ ರೋಲ್ ತರಿಸಬೇಕು. ಹಳೆಯ ಪೆಟ್ಟಿಗೆ ಅಗ್ಗಕ್ಕೆ ಸಿಕ್ಕರೂ ಹನ್ನೆರಡರಲ್ಲಿ ಪ್ರತಿಯೊಂದು ಚಿತ್ರಕ್ಕೂ ಬೆಲೆಯಿದೆ.

ತಿಪಟೂರು ಸೀಮೆಯ ತೆಂಗಿನ ತೋಟದಲ್ಲಿ ಇದನ್ನು ಹಿಡಿದು ನಿಂತವರಿಗೆ ಮೊದಲು ತಿಳಿಯುವುದು ಎಡ-ಬಲದ ಅದಲುಬದಲು. ಗಾಜಿನ ಮೇಲಿನ ಚಿತ್ರ ತಲೆಕೆಳಗಾಗಿರುವುದಿಲ್ಲ, ಆದರೆ ಬಲಕ್ಕೆ ವಾಲಿದ ಮರ ಎಡಕ್ಕೆ ವಾಲಿ ಕಾಣುತ್ತದೆ. ಬದುವಿನ ಮೇಲೆ ಬಲದಿಂದ ಬರುವ ಎತ್ತು ಗಾಜಿನೊಳಗೆ ಎಡದಿಂದ ಬರುತ್ತದೆ. ಅದನ್ನು ಚೌಕದಲ್ಲಿ ಉಳಿಸಿಕೊಳ್ಳಲು ಕ್ಯಾಮೆರಾ ತಿರುಗಿಸಿದರೆ ಅದು ಇನ್ನಷ್ಟು ಜಾರುತ್ತದೆ. ಕೈ ಕಣ್ಣಿನ ಮಾತು ಕೇಳುವುದನ್ನು ಬಿಟ್ಟು ಹೊಸದಾಗಿ ಕಲಿಯಬೇಕು. ಎತ್ತರದ ಮರ ಚೌಕದಲ್ಲಿ ಹಿಡಿಸುವುದೂ ಇಲ್ಲ. ಹಿಂದೆ ಹಿಂದೆ ನಡೆದು, ಪಕ್ಕದ ತೋಟದ ಬೇಲಿಗೆ ಬೆನ್ನು ತಾಗಿದ ಮೇಲೆ ಗರಿಯ ತುದಿ ಒಳಗೆ ಬಂದೀತು. ಇಷ್ಟರಲ್ಲಿ ಒಂದು ಸಂಗತಿ ಖಚಿತವಾಗಿರುತ್ತದೆ: ಕಾಣುತ್ತಿರುವುದು ಮರವಲ್ಲ, ಮರದ ಬಿಂಬ. ಮಾಮೂಲಿ ನೋಟದಲ್ಲಿ ಮರೆತೇ ಹೋಗಿರುವ ಈ ಭೇದವನ್ನು ಮಬ್ಬು ಗಾಜು ಒಂದು ಗಳಿಗೆಯೂ ಮರೆಯಗೊಡುವುದಿಲ್ಲ.

ಮುಂಡಕೋಪನಿಷತ್ತಿನಲ್ಲಿ ಒಂದೇ ಮರದಲ್ಲಿ ಕೂತ ಎರಡು ಹಕ್ಕಿಗಳ ಪ್ರಸಂಗವಿದೆ. ಒಂದು ಹಣ್ಣು ತಿನ್ನುತ್ತದೆ. ಇನ್ನೊಂದು ತಿನ್ನದೆ ನೋಡುತ್ತದೆ. ಶ್ವೇತಾಶ್ವತರದಲ್ಲೂ ಇದೇ ಜೋಡಿ ಬರುತ್ತದೆ. ಮಧ್ವಾಚಾರ್ಯರ ಮತದಲ್ಲಿ ಇವು ಜೀವ ಮತ್ತು ಪರಮಾತ್ಮ, ಎಂದೆಂದಿಗೂ ಎರಡೇ. ಶಂಕರರು ಮುಂಡಕದ ಭಾಷ್ಯದಲ್ಲಿ ಉಪಾಧಿಯಿಂದ ಕೂಡಿದ ಜೀವ ಮತ್ತು ಈಶ್ವರ ಎಂದೇ ಬಿಡಿಸಿದರೂ, ಬ್ರಹ್ಮಸೂತ್ರ ಭಾಷ್ಯದಲ್ಲಿ ಪೈಂಗಿ ರಹಸ್ಯ ಬ್ರಾಹ್ಮಣದ ಇನ್ನೊಂದು ಅರ್ಥವನ್ನು ಮುಂದಿಡುತ್ತಾರೆ. ಅದರ ಪ್ರಕಾರ ತಿನ್ನುವುದು ಅಂತಃಕರಣ, ಅಂದರೆ ಮನಸ್ಸು, ನೋಡುವುದು ಕ್ಷೇತ್ರಜ್ಞ, ಅಂದರೆ ಒಳಗಿನ ಅರಿವು. ಜೋಡಿ ಲೆನ್ಸ್‌ಗೆ ಹೆಚ್ಚು ಒಪ್ಪುವುದು ಈ ಎರಡನೆಯ ಅರ್ಥ. ಫಿಲಂ ಮನಸ್ಸಿನ ಹಾಗೆ ಜಡ. ತಾಗಿದ್ದನ್ನು ಹಿಡಿದುಕೊಳ್ಳುತ್ತದೆ, ಹಿಡಿದದ್ದನ್ನು ಬಿಡುವುದಿಲ್ಲ.

ಒಂದು ಯಾಂತ್ರಿಕ ವಿವರ ಈ ಹೋಲಿಕೆಗೆ ಬಲ ಕೊಡುತ್ತದೆ. ಒಂದೇ ಲೆನ್ಸ್‌ನ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಚಿತ್ರ ತೆಗೆಯುವ ಕ್ಷಣಕ್ಕೆ ಸರಿಯಾಗಿ ಕನ್ನಡಿ ಮೇಲೇಳುತ್ತದೆ, ಕಣ್ಣಿಗೆ ಕತ್ತಲು ಕವಿಯುತ್ತದೆ. ಉಣ್ಣುವ ಹೊತ್ತಿಗೆ ನೋಟವಿಲ್ಲ. ಜೋಡಿ ಲೆನ್ಸ್‌ನ ಕನ್ನಡಿ ಅಲುಗುವುದೇ ಇಲ್ಲ. ಶಟರ್ ‘ಟಿಕ್’ ಎಂದಾಗಲೂ ಗಾಜಿನ ಮೇಲಿನ ಗರಿ ಓಲಾಡುತ್ತಲೇ ಇರುತ್ತದೆ. ಕೆಳಗಿನ ಲೆನ್ಸ್‌ನ ಮುಚ್ಚಳ ತೆಗೆಯಲು ಮರೆತರೂ ಮೇಲಿನ ನೋಟಕ್ಕೆ ಕುಂದಿಲ್ಲ, ಫಿಲಂ ಮಾತ್ರ ಉಪವಾಸ.

ದ್ವೈತಿಗಳ ವಾದಕ್ಕೂ ಈ ಪೆಟ್ಟಿಗೆಯಲ್ಲಿ ಆಸರೆಯುಂಟು. ಎರಡು ಲೆನ್ಸ್‌ಗಳ ನಡುವೆ ನಾಲ್ಕೈದು ಸೆಂಟಿಮೀಟರ್ ಅಂತರವಿರುತ್ತದೆ. ದೂರದ ಮರಸಾಲಿಗೆ ಅದು ಲೆಕ್ಕಕ್ಕೇ ಬಾರದು. ಎಳನೀರಿನ ಗೊನೆಯನ್ನು ಮೂರಡಿಯಿಂದ ಹಿಡಿಯಹೊರಟರೆ ಮೇಲಿನ ಗಾಜಿನಲ್ಲಿ ಪೂರ್ತಿ ಕಂಡ ಗೊನೆಯ ಮೇಲ್ತುದಿ ಫಿಲಂನಲ್ಲಿ ಕತ್ತರಿಸಿಹೋಗಿರುತ್ತದೆ. ಹತ್ತಿರ ಹೋದಷ್ಟೂ ಭೇದ ದೊಡ್ಡದು.

ಆದರೂ ಹೋಲಿಕೆಯನ್ನು ಇಲ್ಲಿಗೇ ಬಿಟ್ಟರೆ ತಪ್ಪಾಗುತ್ತದೆ. ಮೇಲಿನ ಗಾಜೂ ಕೊನೆಗೆ ಗಾಜೇ, ಅದು ಏನನ್ನೂ ಅರಿಯದು. ಶೃಂಗೇರಿಯ ಭಾರತೀತೀರ್ಥರದೆಂದು ಹೇಳಲಾಗುವ ‘ದೃಗ್ದೃಶ್ಯವಿವೇಕ’ ಈ ತೊಡಕನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸುತ್ತದೆ. ರೂಪವನ್ನು ಕಣ್ಣು ನೋಡುತ್ತದೆ, ಕಣ್ಣನ್ನು ಮನಸ್ಸು, ಮನಸ್ಸಿನ ಏರಿಳಿತವನ್ನು ಸಾಕ್ಷಿ. ಸಾಕ್ಷಿಯನ್ನು ನೋಡುವ ಇನ್ನೊಂದಿಲ್ಲ. ಈ ಕ್ರಮದಲ್ಲಿ ಎರಡೂ ಲೆನ್ಸ್‌ಗಳು ಕಾಣುವ ವಸ್ತುಗಳ ಸಾಲಿಗೇ ಸೇರುತ್ತವೆ. ತಲೆ ತಗ್ಗಿಸಿ ನಿಂತವನ ಕಣ್ಣೂ ಅಲ್ಲಿಗೇ ಸೇರುತ್ತದೆ.

ತಲೆ ತಗ್ಗಿಸುವುದು ಈ ಕ್ಯಾಮೆರಾ ಬೇಡುವ ಭಂಗಿ. ಎದೆ ಅಥವಾ ಹೊಟ್ಟೆಯ ಮಟ್ಟದಲ್ಲಿ ಹಿಡಿದು ಬಗ್ಗಿ ನೋಡಬೇಕು, ಎದುರಿಗಿರುವವರನ್ನು ದಿಟ್ಟಿಸುವಂತಿಲ್ಲ. ನೊಣವಿನಕೆರೆ, ಕೆರೆಗೋಡಿ-ರಂಗಾಪುರದ ಮಠಗಳಿರುವ ಈ ಸೀಮೆಗೆ ಇಂಥ ಬಾಗಿದ ನೋಟ ಹೊಸದಲ್ಲ. ಇಷ್ಟಲಿಂಗ ಪೂಜೆಯಲ್ಲಿ ಎಡ ಅಂಗೈಯ ಲಿಂಗದ ಮೇಲೆ ದೃಷ್ಟಿ ನಿಲ್ಲಿಸುತ್ತಾರೆ. ಲಿಂಗವನ್ನು ಮುಚ್ಚಿದ ಕಪ್ಪು ಲೇಪದ, ಅಂದರೆ ಕಂತಿಯ, ನುಣುಪಿನ ಮೇಲೆ ದೀಪದ ಬೆಳಕು ಚುಕ್ಕಿಯಾಗಿ ಕೂರುತ್ತದೆ. ಆದರೆ ಗುರಿ ಬೇರೆ. ಅಂಗೈಯ ಲಿಂಗದಲ್ಲಿ ನೋಡುವವನೂ ನೋಟವೂ ಸಮರಸವಾಗಬೇಕು. ಮಬ್ಬು ಗಾಜು ಅವೆರಡನ್ನೂ ಬೇರೆ ಬೇರೆಯಾಗಿಯೇ ಇಡುತ್ತದೆ. ಸಾಂಖ್ಯ ಮತ್ತು ಅದ್ವೈತದ ವಿವೇಕಕ್ಕೆ ಈ ಯಂತ್ರ ಹತ್ತಿರ, ಶಿವಯೋಗಕ್ಕೆ ದೂರ.

ಫಿಲಂ ಉಂಡದ್ದು ಕೂಡಲೇ ಕಾಣಿಸುವುದೂ ಇಲ್ಲ. ಬೆಳಕು ಬಿದ್ದ ಬೆಳ್ಳಿಯ ಲವಣದ ಕಣಗಳಲ್ಲಿ ಕಣ್ಣಿಗೆ ಕಾಣದ ಗುರುತು ಮೂಡಿರುತ್ತದೆ. ಡೆವಲಪರ್ ದ್ರಾವಣದಲ್ಲಿ ಅದ್ದುವವರೆಗೆ ಅದು ಬರೀ ಸಾಧ್ಯತೆ. ಕೊಬ್ಬರಿ ಬೆಳೆಯುವವರಿಗೆ ಈ ಕಾಯುವಿಕೆ ಚೆನ್ನಾಗಿ ಗೊತ್ತು. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ಸಿಪ್ಪೆಯ ಸಮೇತ ಹತ್ತು ಹನ್ನೊಂದು ತಿಂಗಳು ಅಲ್ಲೇ ಇರುತ್ತದೆ. ನೀರು ಇಂಗಿ, ತಿರುಳು ಚಿಪ್ಪಿನಿಂದ ತಾನಾಗಿ ಬಿಡುತ್ತದೆ. ಶ್ರೀರಾಮಕೃಷ್ಣರು ದೇಹದಿಂದ ಬಿಡಿಸಿಕೊಂಡ ಜ್ಞಾನಿಗೆ ಕೊಟ್ಟ ಹೋಲಿಕೆ ಇದೇ ಒಣ ಕಾಯಿ: ಹಸಿಯಿದ್ದಾಗ ತಿರುಳು ಚಿಪ್ಪಿಗೆ ಅಂಟಿರುತ್ತದೆ, ಒಣಗಿದ ಮೇಲೆ ಚಿಪ್ಪಿನೊಳಗೇ ಇದ್ದೂ ಬೇರೆಯಾಗಿರುತ್ತದೆ. ಒಡೆದು ನೋಡಿದರೆ ಕಾಯಿ ಕೆಟ್ಟಿತು, ಬೆಳಕಿಗೆ ತೆರೆದರೆ ಫಿಲಂ ಕೆಟ್ಟಿತು. ಅಟ್ಟದಲ್ಲಿ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಲೊಟಲೊಟ ಎಂದರೆ ಇಳಿಸುತ್ತಾರೆ, ಇಲ್ಲದಿದ್ದರೆ ಮತ್ತೆ ಅಲ್ಲೇ ಇಡುತ್ತಾರೆ.