ಗಜೇಂದ್ರನ ಮಡುವಿನಲ್ಲಿ ಮೊಸಳೆಯ ಪಾಡು

ಶರನ್ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಮನೆಗಳಲ್ಲಿ, ಪಟ್ಟದ ಬೊಂಬೆಗಳಿಗೂ ದಶಾವತಾರದ ಸಾಲಿಗೂ ಕೆಳಗೆ, ಬಹುಮಟ್ಟಿಗೆ ಒಂದು ಮೂಲೆಯಲ್ಲಿ, ಗಜೇಂದ್ರಮೋಕ್ಷದ ಬೊಂಬೆ ಇರುತ್ತದೆ. ಗರುಡನನ್ನೇರಿದ ಶ್ರೀಹರಿ, ಸೊಂಡಿಲಿನಲ್ಲಿ ಕಮಲವನ್ನು ಎತ್ತಿ ಹಿಡಿದ ಆನೆ, ಆನೆಯ ಕಾಲಬಳಿ ಹಸಿರು ಬಣ್ಣದ ಒಂದು ಮೊಸಳೆ. ನೋಡಲು ಬಂದ ಮಕ್ಕಳು ಹರಿಗೆ ಕೈಮುಗಿದು, ಆನೆಯನ್ನು ಮುಟ್ಟಿ ನೋಡಿ, ಕೊನೆಗೆ ಕೇಳುವುದು ಮೊಸಳೆಯ ವಿಚಾರವನ್ನೇ: ಅದು ಆಮೇಲೆ ಏನಾಯಿತು? ಹಿರಿಯರು "ಸತ್ತುಹೋಯಿತು" ಎಂದು ಹೇಳಿ ಮುಂದಿನ ಬೊಂಬೆಗೆ ಹೊರಳುತ್ತಾರೆ. ಕೋಸಂಬರಿ ಹಂಚುವ ಅವಸರದಲ್ಲಿ ಅಷ್ಟು ಉತ್ತರವೇ ಸಾಕೆನಿಸುವುದು ಸಹಜ. ಆದರೆ ಶ್ರೀಮದ್ಭಾಗವತದ ಅಷ್ಟಮ ಸ್ಕಂಧವನ್ನು ತೆರೆದು ನೋಡಿದರೆ ಆ ಉತ್ತರ ಸರಿಯಲ್ಲವೆಂದು ತಿಳಿಯುತ್ತದೆ.

ಕ್ಷೀರಸಾಗರದಿಂದ ಸುತ್ತುವರಿದ ತ್ರಿಕೂಟವೆಂಬ ಪರ್ವತ. ಅದರ ಕಣಿವೆಯಲ್ಲಿ ವರುಣದೇವನ ಋತುಮತ್ ಎಂಬ ಉದ್ಯಾನ. ಆ ಉದ್ಯಾನದಲ್ಲಿ ಹೊಂದಾವರೆಗಳು ಅರಳಿದ ವಿಶಾಲವಾದ ಸರೋವರ. ಬೇಸಗೆಯ ಬಿಸಿಲಿಗೆ ಬಳಲಿದ ಗಜರಾಜನು ತನ್ನ ಹಿಂಡಿನೊಡನೆ ಅಲ್ಲಿಗೆ ಬರುತ್ತಾನೆ. ದಾರಿಯುದ್ದಕ್ಕೂ ಅವನ ಗಂಧಮಾತ್ರದಿಂದಲೇ ಸಿಂಹ ಶಾರ್ದೂಲಗಳು ಓಡಿಹೋಗುತ್ತವೆ. ನೀರಿಗಿಳಿದವನು ತಾನು ಕುಡಿದು, ಮಿಂದು, ಸೊಂಡಿಲಿನಿಂದ ಹೆಣ್ಣಾನೆಗಳಿಗೂ ಮರಿಗಳಿಗೂ ನೀರುಣಿಸುತ್ತಾನೆ. ವ್ಯಾಸರು ಇಲ್ಲಿ ಅವನನ್ನು ಹೋಲಿಸುವುದು ಸಂಸಾರದಲ್ಲಿ ಮುಳುಗಿದ ಗೃಹಸ್ಥನಿಗೆ. ಹೆಂಡಿರು ಮಕ್ಕಳಿಗೆ ಉಣಿಸುವ ಸಂಭ್ರಮದಲ್ಲಿ ಅವನಿಗೆ ಮುಂಬರುವ ಕಷ್ಟ ಕಾಣಲಿಲ್ಲವಂತೆ. ಆ ಹೊತ್ತಿಗೆ ಬಲಿಷ್ಠವಾದ ಒಂದು ಮೊಸಳೆ ರೋಷದಿಂದ ಅವನ ಕಾಲನ್ನು ಹಿಡಿಯಿತು.

ಈ "ರೋಷದಿಂದ" ಎಂಬ ಮಾತನ್ನು ಅನೇಕರು ಗಮನಿಸುವುದಿಲ್ಲ. ಹಸಿವಿನಿಂದ ಎಂದು ಮುನಿಗಳು ಹೇಳಲಿಲ್ಲ. ಆನೆಯನ್ನು ನುಂಗುವ ಮೊಸಳೆ ಲೋಕದಲ್ಲಿ ಇಲ್ಲವಷ್ಟೆ. ಸ್ವಚ್ಛವಾಗಿದ್ದ ಮಡುವಿಗೆ ಹಿಂಡು ಸಮೇತ ನುಗ್ಗಿ, ತಾವರೆಗಳನ್ನು ಕಿತ್ತು, ನೀರನ್ನು ಕದಡಿದವನ ಮೇಲೆ ಆ ನೀರಿನ ನಿವಾಸಿಗೆ ಸಿಟ್ಟು ಬಂದಿತೆಂದು ತಿಳಿದರೆ ತಪ್ಪಾಗಲಾರದು. ಉದ್ಯಾನವು ವರುಣನದು. ಮಕರವು ವರುಣನ ವಾಹನ, ಗಂಗಾಮಾತೆಗೂ ಅದೇ ವಾಹನ. ಬೇಲೂರು ಹಳೇಬೀಡುಗಳ ದೇಗುಲಗಳಲ್ಲಿ ದೇವತಾಮೂರ್ತಿಗಳ ತಲೆಯ ಮೇಲಿನ ತೋರಣವನ್ನು ಇಕ್ಕೆಲಗಳಿಂದ ಬಾಯಲ್ಲಿ ಹಿಡಿದಿರುವುದೂ ಮಕರವೇ. ಗರ್ಭಗುಡಿಯ ಹೊಸ್ತಿಲವರೆಗೆ ಬಂದ ಈ ಪ್ರಾಣಿಯನ್ನು ದುಷ್ಟವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ಹಿಂದಿನವರಿಗೆ ಮನಸ್ಸು ಬರಲಿಲ್ಲ.

ಹೋರಾಟ ಒಂದು ಸಾವಿರ ವರ್ಷ ನಡೆಯಿತು. ಜೊತೆಯ ಆನೆಗಳು ಹಿಂದಿನಿಂದ ಎಳೆದು ನೋಡಿದವು, ಸಾಧ್ಯವಾಗಲಿಲ್ಲ. ನೆಲದ ಪ್ರಾಣಿಯಾದ ಆನೆಗೆ ನೀರಿನಲ್ಲಿ ದಿನದಿನಕ್ಕೆ ಬಲ ಕುಂದಿತು, ನೀರಿನ ಪ್ರಾಣಿಗೆ ಬಲ ಹೆಚ್ಚಿತು. ಇದು ಸ್ಥಾನಬಲದ ಮಾತು. ಹುಟ್ಟಿದೂರು ಬಿಟ್ಟು ಮಹಾನಗರಕ್ಕೆ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನಲ್ಲಿ ಹತ್ತು ಜನರಿಂದ ನಮಸ್ಕಾರ ಪಡೆದವನು ಹೈದರಾಬಾದಿನ ಕಚೇರಿಯ ಪಡಸಾಲೆಯಲ್ಲಿ ಅರ್ಜಿ ಹಿಡಿದು ನಿಂತಾಗ ಗಜೇಂದ್ರನ ಕಾಲಿನ ಭಾರ ಅವನಿಗೂ ಅರಿವಾಗಿರುತ್ತದೆ.

ಸ್ವಬಲವೂ ಬಂಧುಬಲವೂ ಸೋತ ಮೇಲೆ ಗಜೇಂದ್ರನು ಸ್ತುತಿಸತೊಡಗಿದನು. ಆದರೆ ಆನೆಗೆ ಸ್ತೋತ್ರ ಬಂದದ್ದು ಎಲ್ಲಿಂದ? ಹಿಂದಿನ ಜನ್ಮದಲ್ಲಿ ಕಲಿತದ್ದು ನೆನಪಾಯಿತೆಂದು ಭಾಗವತವೇ ಹೇಳುತ್ತದೆ. ಮಡುವಿನಲ್ಲಿ ಕಾಲು ಸಿಕ್ಕಿಕೊಂಡ ಮೇಲೆ ಹೊಸದಾಗಿ ಕಲಿಯಲು ವ್ಯವಧಾನವಿರಲಿಲ್ಲ. ಮೊದಲೇ ಬಾಯಿಗೆ ಬಂದದ್ದಷ್ಟೇ ಆಗ ಒದಗಿತು. ತೆಲುಗು, ಹಿಂದಿ, ಇಂಗ್ಲಿಷುಗಳ ನಡುವೆ ಬೆಳೆಯುವ ಕನ್ನಡದ ಮಕ್ಕಳಿಗೆ ಕಷ್ಟಕಾಲದಲ್ಲಿ ಯಾವ ಭಾಷೆಯ ಪ್ರಾರ್ಥನೆ ನೆನಪಿಗೆ ಬರುತ್ತದೆ ಎಂಬುದು ಹೈದರಾಬಾದಿನ ತಾಯಿತಂದೆಯರನ್ನು ಆಗಾಗ ಕಾಡುವ ಪ್ರಶ್ನೆ. ನೆರೆಯ ತೆಲುಗರಿಗೆ ಈ ವಿಷಯದಲ್ಲಿ ಬಮ್ಮೆರ ಪೋತನನ ಭಾಗವತದ ಆಸರೆಯಿದೆ. ಅಲ್ಲಿನ ಗಜೇಂದ್ರಮೋಕ್ಷದ ಪದ್ಯಗಳು ಓದುಬರಹ ಬಾರದ ಅಜ್ಜಿಯರ ನಾಲಗೆಯ ಮೇಲೂ ನಲಿದಾಡಿದಂಥವು. ಹರಿಯು ಲಕ್ಷ್ಮಿಗೂ ಹೇಳದೆ, ಆಯುಧವನ್ನೂ ತೆಗೆದುಕೊಳ್ಳದೆ ಹೊರಟುಬಿಟ್ಟನೆಂದು ಪೋತನನು ಬಣ್ಣಿಸಿದ್ದಾನೆ. ಆಯುಧವಿಲ್ಲದೆ ಹೋಗಿ ಮಾಡುವುದೇನೆಂದು ಆಕ್ಷೇಪಿಸಿದ ಕವಿಯೊಬ್ಬನಿಗೆ, ಅವನ ಮಗು ಬಾವಿಗೆ ಬಿತ್ತೆಂದು ಸುಳ್ಳು ಕೂಗಿ, ಬರಿಗೈಯಲ್ಲಿ ಓಡಿಬಂದವನನ್ನೇ ಉತ್ತರವಾಗಿ ನಿಲ್ಲಿಸಿದನೆಂಬ ದಂತಕಥೆಯೂ ತೆಲುಗುನಾಡಿನಲ್ಲಿ ಉಂಟು.

ಮುಂದಿನದು ಮುಖ್ಯವಾದ ಭಾಗ. ಗರುಡನ ವೇಗವೂ ಸಾಲದೆ ಹರಿಯು ಅವನ ಮೇಲಿನಿಂದ ಥಟ್ಟನೆ ಇಳಿದು, ಮೊಸಳೆಸಹಿತವಾಗಿಯೇ ಆನೆಯನ್ನು ಕೃಪೆಯಿಂದ ನೀರಿನಿಂದ ಮೇಲೆತ್ತಿದನು. ಬಿಡಿಸಿ ಎತ್ತಲಿಲ್ಲ, ಎತ್ತಿ ಬಿಡಿಸಿದನು. ಹಿಡಿದವನೂ ಹಿಡಿಸಿಕೊಂಡವನೂ ಒಟ್ಟಿಗೇ ದಡ ಸೇರಿದರು. ಆಮೇಲೆ ಚಕ್ರವು ಮೊಸಳೆಯ ಬಾಯನ್ನು ಸೀಳಿತು. ಸೀಳಿದ ದೇಹದಿಂದ ಹೂಹೂ ಎಂಬ ಗಂಧರ್ವನು ಎದ್ದು ನಿಂತು, ಹರಿಗೆ ಪ್ರದಕ್ಷಿಣೆ ಬಂದು, ಎಲ್ಲರೂ ನೋಡುತ್ತಿರುವಂತೆಯೇ ತನ್ನ ಲೋಕಕ್ಕೆ ತೆರಳಿದನು. ಗಜೇಂದ್ರನ ಸದ್ಗತಿಯನ್ನು ಶುಕಮುನಿಗಳು ಹೇಳುವುದು ಇದಾದ ಮೇಲೆ. ಮೋಕ್ಷವೆಂಬ ಪ್ರಕರಣದಲ್ಲಿ ಮೊದಲ ಬಿಡುಗಡೆ ಮೊಸಳೆಗೇ ದೊರೆಯಿತು.

ಇಬ್ಬರೂ ಶಾಪಗ್ರಸ್ತರೇ. ಜಲಕ್ರೀಡೆಯ ಮದದಲ್ಲಿ ಸ್ನಾನಕ್ಕಿಳಿದ ದೇವಲಮುನಿಯ ಕಾಲನ್ನು ನೀರಿನೊಳಗಿಂದ ಎಳೆದ ತಪ್ಪಿಗೆ ಗಂಧರ್ವನು ಕಾಲೆಳೆಯುವ ಜಂತುವಾದನೆಂದು ಹಿರಿಯರು ವಿವರಿಸುತ್ತಾರೆ. ಗಜೇಂದ್ರನೋ ಪಾಂಡ್ಯದೇಶದ ಅರಸ ಇಂದ್ರದ್ಯುಮ್ನ. ಮಲಯಪರ್ವತದ ಆಶ್ರಮದಲ್ಲಿ ಮೌನದಿಂದ ಪೂಜೆಗೆ ಕುಳಿತಿದ್ದಾಗ ಅಗಸ್ತ್ಯರು ಶಿಷ್ಯರೊಡನೆ ಬಂದರು. ಅರಸನು ಏಳಲಿಲ್ಲ, ಉಪಚರಿಸಲಿಲ್ಲ. ಜಡವಾದ ಆನೆಯಾಗೆಂದು ಮುನಿಗಳು ಶಪಿಸಿದರು. ಒಬ್ಬನದು ಚೇಷ್ಟೆ, ಇನ್ನೊಬ್ಬನದು ಪೂಜೆಯ ಬಿಗುಮಾನ. ಎರಡನೆಯದು ಮನೆಮನೆಗಳಲ್ಲಿ ಇಂದಿಗೂ ಸುಲಭವಾಗಿ ಕಾಣಸಿಗುತ್ತದೆ.

ದಶಮ ಸ್ಕಂಧದ ಕಾಲಿಯನ ಕಥೆಯೂ ಇದೇ ಜಾಡಿನದು. ಯಮುನೆಯ ಮಡುವಿನಲ್ಲಿ ಅವನ ವಿಷದಿಂದ ನೀರು ಕುದಿಯುತ್ತಿತ್ತು, ಮೇಲೆ ಹಾರುವ ಹಕ್ಕಿಗಳು ಸತ್ತು ಬೀಳುತ್ತಿದ್ದವು, ಕುಡಿದ ಗೋವುಗಳೂ ಗೋಪಾಲರೂ ದಡದಲ್ಲೇ ಉರುಳಿದರು. ಆದರೆ ಆ ಸರ್ಪ ಅಲ್ಲಿಗೆ ಬಂದದ್ದು ಗರುಡನ ಭಯದಿಂದ. ಸೌಭರಿಮುನಿಯ ಶಾಪದಿಂದಾಗಿ ಗರುಡನು ಆ ಮಡುವಿಗೆ ಬರುವಂತಿರಲಿಲ್ಲ. ಕೃಷ್ಣನು ಅವನ ಹೆಡೆಗಳ ಮೇಲೆ ಕುಣಿದನು, ಕೊಲ್ಲಲಿಲ್ಲ. ಈ ನದಿ ಗೋವುಗಳಿಗೂ ಮನುಷ್ಯರಿಗೂ ಬೇಕಾದದ್ದೆಂದು ತಿಳಿಸಿ, ಪರಿವಾರದೊಡನೆ ಸಮುದ್ರಕ್ಕೆ ಕಳುಹಿಸಿದನು. ತನ್ನ ಪಾದದ ಗುರುತಿರುವುದರಿಂದ ಇನ್ನು ಗರುಡನ ಭಯವಿಲ್ಲವೆಂದು ಅಭಯವನ್ನೂ ಕೊಟ್ಟನು. ಕಾಲಡಿಯ ಪೂರ್ಣಾನದಿಯಲ್ಲಿ ಬಾಲಶಂಕರರ ಕಾಲು ಹಿಡಿದ ಮೊಸಳೆಯಂತೂ ತಾಯಿ ಸಂನ್ಯಾಸಕ್ಕೆ ಒಪ್ಪಿದೊಡನೆ ತಾನಾಗಿಯೇ ಬಿಟ್ಟಿತೆಂಬುದು ಶೃಂಗೇರಿಯ ಶಿಷ್ಯರೆಲ್ಲರಿಗೂ ತಿಳಿದ ವಿಷಯ.

ಇವೆಲ್ಲ ಪುರಾಣದ ನೀರು. ಹೈದರಾಬಾದಿನ ನೀರಿಗೂ ಇಂಥ ಚರಿತ್ರೆಯೊಂದಿದೆ. ಮುಚುಕುಂದಾ ಎಂಬ ಪುರಾತನ ಹೆಸರಿನ ಮೂಸಿ ನದಿ 1908ರ ಸೆಪ್ಟೆಂಬರ್ 28ರಂದು ಉಕ್ಕಿ ಬಂದು ಸಾವಿರಾರು ಜನರನ್ನು ಕೊಂಡೊಯ್ದಿತು. ಪಂಚಾಂಗದಲ್ಲಿ ಲೆಕ್ಕ ಹಾಕಿದರೆ ಅದು ನವರಾತ್ರಿಯ ಆರಂಭದ ದಿನಗಳೇ. ಆಗಿನ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರು ನದಿಯ ದಡಕ್ಕೆ ಬಂದು ಆರತಿ ಎತ್ತಿದರೆಂದು ಹಳಬರು ಹೇಳುವುದುಂಟು. ಮರುವರ್ಷ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಬಂದು, ಪ್ರವಾಹವನ್ನು ಮೇಲೆಯೇ ತಡೆಹಿಡಿಯುವ ಯೋಜನೆಯನ್ನು ಹಾಕಿಕೊಟ್ಟರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಕನ್ನಡಿಗನೊಬ್ಬನ ಬುದ್ಧಿಯಿಂದ ಪಳಗಿದ ಆ ನೀರಿನಲ್ಲಿ ಮೊಸಳೆಗಳು ನೆಲೆಸಿದವು. ಮಳೆಗಾಲದಲ್ಲಿ ಹಿಮಾಯತ್ ಸಾಗರದ ಬಾಗಿಲು ತೆರೆದಾಗ ಕೆಳಗಿನ ಮೂಸಿಯಲ್ಲಿ ಮೊಸಳೆ ಕಂಡಿತೆಂದು ಬಡಾವಣೆಯ ಜನ ಗುಂಪುಗೂಡುವುದು ಈಚಿನ ವರ್ಷಗಳಲ್ಲೂ ನಡೆದಿದೆ.

ನಗರದ ಬಾಯಾರಿಕೆಗೆ ಇನ್ನೊಂದು ನದಿ ಒದಗಿತು. ಬಾಲಾಘಾಟದ ಬೆಟ್ಟಗಳಲ್ಲಿ ಹುಟ್ಟಿ, ಬೀದರ್ ಜಿಲ್ಲೆಯ ಕನ್ನಡದ ಹೊಲಗಳನ್ನು ಹಾದು ತೆಲಂಗಾಣಕ್ಕೆ ಹರಿಯುವ ಮಾಂಜ್ರಾ ಹೈದರಾಬಾದಿನ ನಲ್ಲಿಗಳಿಗೆ ದಶಕಗಳಿಂದ ನೀರುಣಿಸಿದೆ. ಸಂಗಾರೆಡ್ಡಿಯ ಬಳಿ ಅದೇ ಜಲಾಶಯವನ್ನು 1978ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದರು. ಅಲ್ಲಿಯ ಮುಖ್ಯ ನಿವಾಸಿ ಮೊಸಳೆ. ಚರ್ಮಕ್ಕಾಗಿ ಬೇಟೆಯಾಡಿ ಈ ಸಂತತಿಯೇ ಅಳಿಯುವ ಸ್ಥಿತಿ ಬಂದಾಗ, 1972ರ ವನ್ಯಜೀವಿ ಕಾಯಿದೆಯ ಬೆನ್ನಿಗೆ 1975ರಲ್ಲಿ ಭಾರತ ಸರ್ಕಾರವು ಮೊಸಳೆಗಳ ರಕ್ಷಣೆಯ ಯೋಜನೆಯನ್ನು ಕೈಗೊಂಡಿತು. ಅದಕ್ಕೆ ಬೇಕಾದ ಅಧಿಕಾರಿಗಳನ್ನು ತಯಾರುಮಾಡುವ ಕೇಂದ್ರೀಯ ತರಬೇತಿ ಸಂಸ್ಥೆ 1980ರಲ್ಲಿ ತಲೆಯೆತ್ತಿದ್ದು ಈ ಹೈದರಾಬಾದಿನಲ್ಲೇ. ಮೊಸಳೆಯನ್ನು ನೀರಿನಿಂದ ಮೇಲೆತ್ತಿದ ಹರಿಯ ಕಾರ್ಯವನ್ನು ಸರ್ಕಾರಿ ನೌಕರರು ಖಾಕಿ ಧರಿಸಿ ಸ್ವಲ್ಪಮಟ್ಟಿಗೆ ಮಾಡಿದರೆಂದರೆ ಅತಿಶಯೋಕ್ತಿಯಾಗದು.

ಆ ಪ್ರಾಣಿಯನ್ನು ಹತ್ತಿರದಿಂದ ಕಂಡವರು ಹೇಳುವ ಒಂದು ವಿಷಯ ಪುರಾಣದಷ್ಟೇ ಸ್ವಾರಸ್ಯವಾದದ್ದು. ಬೇಸಗೆಯಲ್ಲಿ ತಾಯಿಮೊಸಳೆ ದಡದ ಮರಳನ್ನು ತೋಡಿ ಮೊಟ್ಟೆಯಿಟ್ಟು ಮುಚ್ಚಿ, ಎರಡು ತಿಂಗಳಿಗೂ ಮೇಲ್ಪಟ್ಟು ಕಾಯುತ್ತದೆ. ಮೊಟ್ಟೆಯೊಳಗಿಂದ ಮರಿಗಳ ದನಿ ಕೇಳಿದಾಗ ಮರಳು ತೆಗೆದು, ಗೇಣುದ್ದದ ಮರಿಗಳನ್ನು ಬಾಯಲ್ಲಿ ಎತ್ತಿ ನೀರಿಗೆ ಒಯ್ದು ಬಿಡುತ್ತದೆ. ಆನೆಯ ಕಾಲನ್ನು ಹಿಡಿದ ಅದೇ ದವಡೆಗೆ ಮರಿಯ ಮೈ ಗೀರದಂತೆ ಹಿಡಿಯುವುದೂ ಗೊತ್ತು. ಗೂಡಿನ ಬಳಿ ತಿಳಿಯದೆ ಸುಳಿದವರ ಮೇಲೆ ಎರಗುವುದೂ ಈ ಕಾಲದಲ್ಲೇ ಹೆಚ್ಚು. ರಾಯಚೂರಿನ ಬಳಿ ಕೃಷ್ಣೆಯ ನಡುಗಡ್ಡೆಯಾದ ಕುರವಪುರಕ್ಕೆ ಶ್ರೀಪಾದ ಶ್ರೀವಲ್ಲಭರ ದರ್ಶನಕ್ಕಾಗಿ ಹರಿಗೋಲಿನಲ್ಲಿ ಹೋಗುವ ಭಕ್ತರು ಬಂಡೆಯ ಮೇಲೆ ಬಾಯ್ದೆರೆದು ಮಲಗಿದ ಮೊಸಳೆಯನ್ನು ಕಂಡು ಗುರುನಾಮವನ್ನು ಗಟ್ಟಿಯಾಗಿ ಹೇಳುವುದುಂಟು. ಬಾಯ್ದೆರೆಯುವುದು ಮೈಯ ಕಾವನ್ನು ಇಳಿಸಿಕೊಳ್ಳಲು. ಗುರುನಾಮ ಹೇಳಿದ್ದು ಅದರಿಂದ ವ್ಯರ್ಥವಾಗುವುದಿಲ್ಲ. ಹರಿಗೋಲಿನಿಂದ ಕೈ ಹೊರಚಾಚದೆ ಕುಳಿತರೆ ಇನ್ನೂ ಒಳ್ಳೆಯದು.

ಕಾಲಿಯನು ಹೋದ ಮೇಲೆ ಯಮುನೆ ಅಮೃತದಂತಾಯಿತೆಂದು ಭಾಗವತವು ಹೇಳುತ್ತದೆ. ಮೂಸಿಯ ನೀರು ನಗರವನ್ನು ದಾಟುವ ಹೊತ್ತಿಗೆ ಕಪ್ಪಾಗಿ ನೊರೆಗಟ್ಟುತ್ತದೆ. ಹುಸೇನ್ ಸಾಗರದ ದಂಡೆಯಲ್ಲಿ ನಿಂತವರು ಮೂಗಿಗೆ ಸೆರಗು ಹಿಡಿದದ್ದುಂಟು. ಅಲ್ಲಿ ಯಾವ ಸರ್ಪವೂ ಇಲ್ಲ. ಕಾರ್ಖಾನೆಗಳ ಕಲ್ಮಷ, ಮನೆಮನೆಯ ಚರಂಡಿ, ಹಬ್ಬ ಮುಗಿದ ಮೇಲೆ ಬಣ್ಣ ಬಳಿದ ಮೂರ್ತಿಗಳು, ನಿರ್ಮಾಲ್ಯ ಕಟ್ಟಿದ ಪ್ಲಾಸ್ಟಿಕ್ ಚೀಲ. ಇದೇ ಒಂಬತ್ತು ದಿನಗಳಲ್ಲಿ ತೆಲಂಗಾಣದ ಹೆಣ್ಣುಮಕ್ಕಳು ತಂಗಡಿ, ಗುನುಗು, ಚೆಂಡುಹೂಗಳ ಬತುಕಮ್ಮನನ್ನು ತಲೆಯ ಮೇಲೆ ಹೊತ್ತು ಹಾಡುತ್ತ ಕೆರೆಗಳಿಗೆ ಬರುತ್ತಾರೆ. ಹೂವು ಕರಗಿ ನೀರಾಗುತ್ತದೆ, ಮೀನು ತಿನ್ನುತ್ತದೆ. ಅವರನ್ನು ಮಹಡಿಯ ಮೇಲಿನಿಂದ ನೋಡಿ ಚೆಂದವೆನ್ನುವ ಕನ್ನಡದ ಮನೆಯವರು ದಶಮಿಯ ಮರುದಿನ ತಮ್ಮ ಮನೆಯ ನಿರ್ಮಾಲ್ಯವನ್ನು ಯಾವ ಚೀಲದಲ್ಲಿ ಕಟ್ಟಿ ಎಲ್ಲಿ ಹಾಕುತ್ತಾರೆಂಬುದನ್ನು ಗಂಗೆಯ ವಾಹನವು ನೋಡುತ್ತಲೇ ಇರುತ್ತದೆ.

ಗಜೇಂದ್ರನನ್ನು ಎತ್ತಿದ ಮೇಲೆ ಹರಿಯು ಹೊರಡುವ ಮುನ್ನ ಒಂದು ಮಾತು ಹೇಳಿದನು. ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಎದ್ದು ಇವನ್ನೆಲ್ಲ ಸ್ಮರಿಸುವವರ ಪಾಪ ಕಳೆಯುವುದೆಂದು ಒಂದು ದೊಡ್ಡ ಪಟ್ಟಿಯನ್ನೇ ಕೊಟ್ಟನು. ಅದರಲ್ಲಿ ತಾನು ಮೊದಲು, ಆಮೇಲೆ ಆನೆ. ಅದರ ಬೆನ್ನಿಗೇ ಆ ಸರೋವರ, ಬೆಟ್ಟ, ಗವಿ, ಕಾಡು, ಬೆತ್ತ ಬಿದಿರುಗಳ ಪೊದೆಗಳು. ಶಂಖಚಕ್ರಗಳೂ ಕೌಸ್ತುಭವೂ ಗರುಡನೂ ಬರುವುದು ಅವುಗಳ ನಂತರ. ಹೀಗೆ ಹೇಳಿ ಶಂಖವನ್ನೂದಿ ಗರುಡನನ್ನೇರಿದನು.